ವಿದ್ಯಾನಗರದಲ್ಲಿ ವಸತಿ

ಕನ್ನಡದ ‘ಬಸದಿ’ ಸಂಸ್ಕೃತದ ‘ವಸತಿ’ ಶಬ್ದದ ತದ್ಭವ. ತತ್ಸಮ ರೂಪವು ಇಂದು ‘ವಿದ್ಯಾರ್ಥಿ ವಸತಿ ನಿಲಯ’ ಎಂಬ ಫಲಕಗಳ ಮೇಲೆ ಕಾಣಿಸುತ್ತದೆ. ಒಂದು ಜಿನಾಲಯ, ಇನ್ನೊಂದು ಓದುವ ಮಕ್ಕಳ ಬಿಡಾರ. ಮೂಲಾರ್ಥ ಮಾತ್ರ ಒಂದೇ, ತಂಗುವ ತಾಣ. ವಿದ್ಯೆಗೂ ವಸತಿಗೂ ಇರುವ ನಂಟು ನಮ್ಮ ಶಾಸನಗಳಷ್ಟೇ ಹಳೆಯದು. ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಜೀರ್ಣೋದ್ಧಾರದ ಜೊತೆಗೆ ಋಷಿಯರ ಆಹಾರದಾನವೂ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ, ಅವರ ಉಪಾಧ್ಯಾಯರಿಗೆ, ಆರು ಮಂದಿ ಸರಸ್ವತೀ ಭಂಡಾರಿಗರಿಗೆ ಮಾಡಿದ ಏರ್ಪಾಡನ್ನು ತಿಳಿಸುತ್ತದೆ. ಗ್ರಂಥಭಂಡಾರ ಕಟ್ಟಿದವರು ಓದುವವನ ಅನ್ನವನ್ನೂ ಮರೆಯಲಿಲ್ಲ.

ಆಧುನಿಕ ಕಾಲದಲ್ಲಿ ಈ ಹೊಣೆಯನ್ನು ಹೊತ್ತವು ಬೋರ್ಡಿಂಗುಗಳು. 1901ರಿಂದ ಮೊದಲ್ಗೊಂಡು ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿ ಮರಾಠಾ, ದಿಗಂಬರ ಜೈನ, ಲಿಂಗಾಯತ, ಮುಸ್ಲಿಂ ವಿದ್ಯಾರ್ಥಿಗಳಿಗೂ ಅಸ್ಪೃಶ್ಯರೆನಿಸಿಕೊಂಡವರಿಗೂ ಬೇರೆ ಬೇರೆ ವಸತಿಗೃಹಗಳು ಎದ್ದವು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವೂ ಮುಂದೆ ಅಲ್ಲಿಯೇ ನೆಲೆಗೊಂಡಿತು. ಹಳ್ಳಿಯ ಬಡ ಮಕ್ಕಳು ಆ ಕಾಲೇಜುಗಳ ಮೆಟ್ಟಿಲು ಹತ್ತಲು ಮುರುಘಾಮಠದ ಪ್ರಸಾದ ನಿಲಯದಂಥ ಸ್ಥಳಗಳು ಬೇಕಾದವು. ತರಗತಿಯ ಇತಿಹಾಸವನ್ನು ನಾವು ಬರೆದಿದ್ದೇವೆ. ಪಂಕ್ತಿಯ ಇತಿಹಾಸವನ್ನು ಬರೆದದ್ದು ಕಡಿಮೆ.

ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ಮಾಳಮಡ್ಡಿಯ ಹಂಚಿನ ಮನೆಯೊಂದರ ಹೊರಗಿನ ಖೋಲಿಯಲ್ಲಿ ಇಬ್ಬರಿದ್ದೆವು. ಗೆಳೆಯನ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಬುತ್ತಿಯನ್ನು ಕಂಡಕ್ಟರನ ಕೈಯಿಂದ ಇಸಿದುಕೊಳ್ಳುವುದು ನಮ್ಮ ದಿನಚರಿಯ ಭಾಗವಾಗಿತ್ತು. ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲವೆಂದು ತಿಳಿದ ಖಾನಾವಳಿಯ ಅವ್ವ, ಸಂಜೆಯ ಒಲೆ ಹೊತ್ತಿಸಿದೊಡನೆ ಮೊದಲ ರೊಟ್ಟಿಯನ್ನು ನನಗೇ ಬಡಿದುಕೊಡುತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ‘ಎಷ್ಟು ಪೇಪರ್ ಮುಗಿದ್ವೋ ತಮ್ಮಾ?’ ಎಂದು ಕೇಳುತ್ತಿದ್ದರು. ವಿದ್ಯಾರ್ಥಿಯ ಬದುಕು ಊರಿನ ಕಣ್ಣಳತೆಯಲ್ಲಿತ್ತು.

ಆದರೆ ಆ ಕಣ್ಣಿಗೆ ಭೇದವೂ ಇತ್ತು. ಇನ್ನೊಂದು ಓಣಿಯಲ್ಲಿ ನನ್ನ ಸಹಪಾಠಿಯೊಬ್ಬನ ಹೆಸರು, ಊರು, ಮನೆತನಗಳನ್ನು ಕೇಳಿದ ಮೇಲೆ ‘ಖೋಲಿ ಖಾಲಿ ಇಲ್ಲ’ ಎಂಬ ಉತ್ತರ ಬಂದಿತು. ‘ಬಾಡಿಗೆಗೆ ಇದೆ’ ಎಂಬ ಹಲಗೆ ಮರುದಿನವೂ ಆ ಬಾಗಿಲಲ್ಲೇ ತೂಗುತ್ತಿತ್ತು. ಅವನು ಸರ್ಕಾರಿ ಹಾಸ್ಟೆಲಿನಲ್ಲಿ ಸ್ಥಳ ದೊರೆತ ಕಾರಣ ಓದು ಮುಂದುವರಿಸಿದ. ದೊರೆಯದಿದ್ದರೆ ಊರಿಗೆ ಮರಳುವವನಿದ್ದ. ಹಳೆಯ ವಿದ್ಯಾನಗರವನ್ನು ಹೊಗಳುವಾಗ ಈ ಹಲಗೆಯನ್ನು ಮರೆಯುವಂತಿಲ್ಲ.

ಇಂದು ಸಪ್ತಾಪುರ, ಶ್ರೀನಗರಗಳ ಕಡೆ ಹೋದರೆ ಬೇರೊಂದೇ ಊರು. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆ ಬಂದವರಿಗಾಗಿ ಪಿ.ಜಿ.ಗಳು ಸಾಲುಗಟ್ಟಿವೆ. ಖೋಲಿಯ ಬಾಡಿಗೆ ಹೋಗಿ ಕಾಟಿನ ಬಾಡಿಗೆ ಬಂದಿದೆ. ಒಂದು ಸಂಸಾರ ಕೊಡಬಲ್ಲ ಬಾಡಿಗೆಗಿಂತ ಎಂಟು ಕಾಟುಗಳ ಬಾಡಿಗೆ ಹೆಚ್ಚಾದಾಗ ಸಂಸಾರವು ಊರಂಚಿಗೆ ಸರಿಯುತ್ತದೆ, ಹಿತ್ತಲಿನ ಮಾವಿನ ಜಾಗದಲ್ಲಿ ಮತ್ತೊಂದು ಅಂತಸ್ತು ಏಳುತ್ತದೆ. ಈ ಮಾರುಕಟ್ಟೆಯನ್ನು ಕೇವಲ ಹಳಿದು ಪ್ರಯೋಜನವಿಲ್ಲ. ಹಿಂದೆ ಯಾವ ಮನೆಯೂ ಒಳಗೆ ಕರೆಯದಿದ್ದ ಎಷ್ಟೋ ಹುಡುಗರು, ಒಂಟಿಯಾಗಿ ಊರು ಬಿಟ್ಟು ಬರಲಾಗದಿದ್ದ ಎಷ್ಟೋ ಹುಡುಗಿಯರು ಇಂದು ಇಲ್ಲಿ ಓದುತ್ತಿದ್ದಾರೆ. ಆದರೆ ಹಣವಿದ್ದವರಿಗಷ್ಟೇ ಅದು ತೆರೆಯುತ್ತದೆ, ಹಣ ತೀರಿದ ತಿಂಗಳೇ ಮುಚ್ಚುತ್ತದೆ.

ವಿದ್ಯಾರ್ಥಿಯು ಊರಿನ ನಿವಾಸಿಯೋ, ಬರಿಯ ಗಿರಾಕಿಯೋ? ತೆರಿಗೆಯ ಕಾನೂನಿಗೂ ಈ ಪ್ರಶ್ನೆ ಎದುರಾಯಿತು. ವಿದ್ಯಾರ್ಥಿಗಳ ಮತ್ತು ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲಿಗೆಂದು ಕೊಟ್ಟ ಕಟ್ಟಡವೂ ವಾಸದ ಮನೆಯೇ ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. 2024ರ ಜೂನಿನಲ್ಲಿ ಜಿ.ಎಸ್.ಟಿ. ಮಂಡಳಿಯು, ಕನಿಷ್ಠ 90 ದಿನ ಸತತವಾಗಿ ತಂಗುವವರಿಗೆ ತಿಂಗಳಿಗೆ ತಲಾ 20,000 ರೂಪಾಯಿಯವರೆಗಿನ ವಸತಿ ಶುಲ್ಕಕ್ಕೆ ವಿನಾಯಿತಿ ನೀಡಲು ಶಿಫಾರಸು ಮಾಡಿತು. ಕಾನೂನು ಅವನನ್ನು ವಾಸಿಯೆಂದು ಒಪ್ಪಿದರೂ ಊರು ಇನ್ನೂ ಒಪ್ಪಿದಂತಿಲ್ಲ. ಜಾತಿ ಕೇಳದ, ಹಣವಿಲ್ಲವೆಂದು ಹೊರಗಟ್ಟದ ಸಾರ್ವಜನಿಕ ವಸತಿ ನಿಲಯಗಳನ್ನು ಹೆಚ್ಚಿಸುವುದು ವಿಶ್ವವಿದ್ಯಾಲಯದ ಶೈಕ್ಷಣಿಕ ಕೆಲಸವೇ ಹೊರತು ಬದಿಯ ಕೆಲಸವಲ್ಲ.

ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಬೋರ್ಡಿಂಗುಗಳ ಪ್ರವೇಶ ಪುಸ್ತಕಗಳು, ದಾನಿಗಳ ಪಟ್ಟಿಗಳು, ಖಾನಾವಳಿಗಳ ಉದ್ರಿ ಲೆಕ್ಕಗಳು ಹಳೆಯ ಕಟ್ಟಡಗಳೊಂದಿಗೆ ಕಸವಾಗುತ್ತಿವೆ. ಯಾರು ಯಾರ ಅನ್ನದ ಮೇಲೆ ಓದಿದರು, ಯಾರಿಗೆ ಬಾಗಿಲು ತೆರೆಯಲಿಲ್ಲ ಎಂಬುದಕ್ಕೆ ಅವೇ ಆಧಾರ. ನಿಮ್ಮ ನಿಮ್ಮ ಊರುಗಳಲ್ಲಿ ಅವನ್ನು ಹುಡುಕಿ, ಉಳಿದಷ್ಟನ್ನಾದರೂ ಪ್ರತಿ ಮಾಡಿಡಿ.