ಗ್ರಹಗಳಿಗೇ ಶಾಪ ತಟ್ಟಿದಾಗ

ಕುಂಭಕೋಣದ ಹತ್ತಿರದ ಸೂರ್ಯನಾರ್ ಕೋವಿಲ್‌ನ ಸ್ಥಳಪುರಾಣ ನನಗೆ ಬಹಳ ಇಷ್ಟ. ತನಗೆ ಕುಷ್ಠ ಬರಲಿದೆಯೆಂದು ತಿಳಿದ ಕಾಲವ ಮುನಿ ನವಗ್ರಹಗಳ ಮೊರೆಹೊಕ್ಕ. ಅವು ಮರುಗಿ ವರ ಕೊಟ್ಟವು. ಬ್ರಹ್ಮನಿಗೆ ಸಿಟ್ಟು: ಕರ್ಮಫಲ ತಲುಪಿಸೋದಷ್ಟೇ ನಿಮ್ಮ ಕೆಲಸ, ತಪ್ಪಿಸೋಕೆ ನೀವ್ಯಾರು? ಆ ರೋಗ ನಿಮಗೇ ಬರಲಿ!

ಒಂಬತ್ತೂ ಗ್ರಹಗಳು ಭೂಮಿಗಿಳಿದು, ಬಿಳಿ ಎಕ್ಕದ ಕಾಡಿನಲ್ಲಿ ಶಿವನನ್ನು ಪೂಜಿಸಿ, ಸೋಮವಾರ ಎಕ್ಕದೆಲೆಯಲ್ಲಿ ಮೊಸರನ್ನ ಉಂಡು ಗುಣವಾದವಂತೆ. (ಎಕ್ಕದ ಹಾಲು ವಿಷ, ನೀವು ಮಾಡೋಕೆ ಹೋಗಬೇಡಿ.) ಅಂದರೆ ಶನಿಯೂ ಒಮ್ಮೆ ರೋಗಿಯಾಗಿದ್ದ, ಅದೂ ಯಾರಿಗೋ ಕರುಣೆ ತೋರಿಸಿದ್ದಕ್ಕೆ!

ಅಪ್ಪನ ಆಪರೇಷನ್ ಆದಾಗಿನಿಂದ ‘ಶನಿ ಕಾಡ್ತಿದಾನೆ’ ಅಂತ ಹೆದರಿದ್ದ ಅಮ್ಮನಿಗೆ ಈ ಕಥೆ ಹೇಳಿದೆ. ‘ಪಾಪ, ಅವನಿಗೂನಾ?’ ಅಂದಳು. ಶನಿಶಾಂತಿ ಮಾತ್ರ ಬಿಟ್ಟಿಲ್ಲ, ಇದೇ ಶನಿವಾರ ಇದೆ.