ಜಾತ್ರೆಗೆ ಹೊರಟ ಚಕ್ಕಡಿ

ಬನದ ಹುಣ್ಣಿಮೆ ಹತ್ತಿರವಾದಂತೆ ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದ್ದೇ ಮಾತು. ಈಗ ಬಸ್ಸು, ಟೆಂಪೋ, ಟ್ರ್ಯಾಕ್ಟರ್ ಹತ್ತುವವರೇ ಹೆಚ್ಚು; ಚಕ್ಕಡಿ ಹೂಡುವ ಮನೆಗಳೂ ಉಳಿದಿವೆ. ದಾರಿಯಲ್ಲಿ ಎರಡು ಮೂರು ರಾತ್ರಿ ಕಳೆಯಬೇಕಾದ್ದರಿಂದ ಗಾಡಿಯೇ ಮನೆಯಾಗಬೇಕು. ಮೇಲೆ ತಾಡಪತ್ರಿ, ಕೆಳಗೆ ಕಂದೀಲು, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎತ್ತಿಗೆ ಕಣಿಕೆ.

ಅಂಥ ಒಂದು ಮನೆಯ ಅಂಗಳದಲ್ಲಿ ಜಗಳ ಹುಟ್ಟಿದ್ದು ನೀರಿನ ಬ್ಯಾರಲ್ಲಿನಿಂದ. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ.

“ಹಿಂದ ಇಡೂಣು ಯಜ್ಜಾ, ತಗೊಳ್ಳಾಕ ಸಲೀಸ” ಎಂದ ಹೈಸ್ಕೂಲಿನ ಮೊಮ್ಮಗ.

“ನಿನಗ ಸಲೀಸ. ಎತ್ತಿಗೆ?”

ಅಜ್ಜನ ಮಾತೇ ಸರಿ. ಎರಡು ಗಾಲಿಯ ಚಕ್ಕಡಿ ಎಂದರೆ ಅಚ್ಚಿನ ಮೇಲೆ ನಿಂತ ತಕ್ಕಡಿ. ಭಾರ ಹಿಂದಾದರೆ ನೊಗ ಮೇಲೆದ್ದು ಜತ್ತಿಗೆ ಎತ್ತಿನ ಗಂಟಲನ್ನು ಒತ್ತುತ್ತದೆ. ಮುಂದಾದರೆ ಹೆಗಲು ಹುಣ್ಣಾಗುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ. ಆದ್ದರಿಂದ ನೀರು ಅಚ್ಚಿನ ಮೇಲೆಯೇ, ಆದಷ್ಟು ತಗ್ಗಿನಲ್ಲಿ ಇರಬೇಕು. ಅರ್ಧ ಖಾಲಿಯಾದ ಬ್ಯಾರಲ್ ಇನ್ನೂ ಕೆಟ್ಟದ್ದು. ಒಳಗಿನ ನೀರು ತುಳುಕಿ ಗಾಡಿಯನ್ನೇ ತೂಗಾಡಿಸುತ್ತದೆ. ಅದಕ್ಕಿಂತ ನಾಲ್ಕೈದು ಸಣ್ಣ ಕ್ಯಾನುಗಳೇ ವಾಸಿ. ಸನ್ನೆಕೋಲಿನ ಪಾಠ ಬರೆದು ಪೂರ್ತಿ ಅಂಕ ತಂದ ಹುಡುಗರಿಗೂ ಗಾಡಿಯ ಬಳಿ ಅದು ನೆನಪಾಗುವುದಿಲ್ಲ, ಆ ಮಾತು ಬೇರೆ.

ಹೂಡುವ ಮುನ್ನ ಅಜ್ಜ ನೊಗವನ್ನು ಕೈಯಿಂದ ಎತ್ತಿ ನೋಡುತ್ತಾನೆ. ತುಸು ಭಾರ ತಾಗಬೇಕು, ನೊಗ ತಾನಾಗಿ ಮೇಲೇಳಬಾರದು. ಹಿಂದೆ ಕಟ್ಟಿದ ಕಣಿಕೆ ದಿನದಿನವೂ ಕರಗುವುದರಿಂದ ಈ ಪರೀಕ್ಷೆ ಪ್ರತಿ ಬೆಳಿಗ್ಗೆಯೂ ಉಂಟು.

ಎರಡನೆಯ ಬೆಳಿಗ್ಗೆ ನೊಗ ಎತ್ತಿ ನೋಡಿದವನು ಮೊಮ್ಮಗ. ಮುಂದಿದ್ದ ಜೋಳದ ಚೀಲವನ್ನು ಒಂದು ಗೇಣು ಹಿಂದಕ್ಕೆ ಜರುಗಿಸಿದ.