ಇಬ್ನು ಬತೂತರು ಕಂಡ ಖನ್ಸಾ

ಸಹೋದರಿಯರೇ, ಹೊನ್ನಾವರದಲ್ಲಿ ಶರಾವತಿಯ ಸೇತುವೆಯನ್ನು ನೀವು ಎಷ್ಟೋ ಬಾರಿ ದಾಟಿರಬಹುದು. 1340ರ ದಶಕದಲ್ಲಿ ಆ ಊರಿಗೆ ಬಂದ ಮೊರೊಕ್ಕೋದ ಯಾತ್ರಿಕ ಇಬ್ನು ಬತೂತರು, ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಿದೆ, ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿವೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದಿದ್ದಾರೆ. ಮದ್ರಸದಲ್ಲಿ ಈ ವಿಷಯ ಹೇಳುವಾಗಲೆಲ್ಲ ಅವರ ಪ್ರವಾಸ ಕಥನದ ಇನ್ನೊಂದು ಊರು ನನ್ನನ್ನು ಕಾಡುತ್ತಿತ್ತು. ಅದು ಚೀನಾದ ಖನ್ಸಾ. ಭೂಮಿಯ ಮೇಲೆ ತಾನು ಕಂಡ ಅತಿ ದೊಡ್ಡ ನಗರ ಅದೇ ಎಂದವರು ಹೇಳಿದ್ದಾರೆ. ಇಂದು ಅದರ ಹೆಸರು ಹಾಂಗ್‌ಝೌ.

ನನ್ನ ಪತಿ ವ್ಯಾಪಾರಕ್ಕೆಂದು ಚೀನಾದ ಯಿವು ಸಗಟು ಮಾರುಕಟ್ಟೆಗೆ ಹೋಗಿ ಬರುವವರು. ಪ್ರತಿ ಸಲವೂ ನಮ್ಮ ಪಾಲಿಗೆ ಬರುತ್ತಿದ್ದುದು ಮಕ್ಕಳ ಆಟಿಕೆ, ತಲೆಪಿನ್ನು. "ಈ ಸಲ ಸಾಮಾನು ಬೇಡ, ನನ್ನನ್ನೇ ಕರೆದುಕೊಂಡು ಹೋಗಿ" ಎಂದೆ. ಅವರು ನಕ್ಕರು. ಆದರೆ ಟಿಕೆಟ್ ಮಾಡಿಸಿದರು. ಯಿವುವಿನಿಂದ ವೇಗದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಹಾಂಗ್‌ಝೌ.

ಈ ಊರಿನ ಜೀವವೇ ಪಶ್ಚಿಮ ಸರೋವರ. ಮೂರು ಕಡೆ ಬೆಟ್ಟ, ಒಂದು ಕಡೆ ನಗರ. ಹನ್ನೊಂದನೇ ಶತಮಾನದ ಕೊನೆಯಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಕವಿ ಸು ಡಾಂಗ್‌ಪೊ ಹೂಳು ತುಂಬಿದ್ದ ಸರೋವರವನ್ನು ತೋಡಿಸಿದರು. ಆ ಹೂಳಿನಿಂದಲೇ ನೀರಿನ ನಡುವೆ ಆರು ಸೇತುವೆಗಳಿರುವ ಉದ್ದದ ಏರಿ ಕಟ್ಟಿಸಿದರು. ಬೆಳಗ್ಗೆ ಬೇಗ ಹೋದರೆ ಮಂಜಿನಲ್ಲಿ ದೋಣಿಗಳು, ನೀರಿಗೆ ಬಾಗಿದ ಮರಗಳು. ಚೀನಾದ ಒಂದು ಯುವಾನ್ ನೋಟಿನ ಹಿಂದೆ ಇರುವುದು ಇದೇ ಸರೋವರದ ಚಿತ್ರ. 2011ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸರೋವರದ ಆಚೆಗಿನ ಬೆಟ್ಟಗಳಲ್ಲಿ ಲಾಂಗ್‌ಜಿಂಗ್ ಚಹಾ ತೋಟಗಳಿವೆ. ಏಪ್ರಿಲ್ ಆರಂಭಕ್ಕೆ ಮುನ್ನ ಕಿತ್ತ ಎಳೆ ಚಿಗುರಿಗೆ ಹೆಚ್ಚು ಬೆಲೆ. ಕಾದ ಕಬ್ಬಿಣದ ಬಾಣಲೆಯಲ್ಲಿ ಎಲೆಯನ್ನು ಅಂಗೈಯಿಂದಲೇ ಒತ್ತಿ ಒತ್ತಿ ಹುರಿಯುತ್ತಾರೆ. ಹಾಗಾಗಿ ಅದು ಚಪ್ಪಟೆಯಾಗಿರುತ್ತದೆ. ನಮ್ಮ ಸುಲೈಮಾನಿಯಂತೆ ಸಕ್ಕರೆಯಿಲ್ಲ, ಲಿಂಬೆಯಿಲ್ಲ. ಗಾಜಿನ ಲೋಟಕ್ಕೆ ಎಲೆ ಹಾಕಿ, ಕುದಿದು ಸ್ವಲ್ಪ ಆರಿದ ನೀರು ಸುರಿದರಾಯಿತು. ಮೊದಲ ಗುಟುಕಿಗೆ ಏನೂ ಅನಿಸುವುದಿಲ್ಲ. ಮೂರನೆಯದಕ್ಕೆ ಬಾಯಲ್ಲಿ ಸಣ್ಣ ಸಿಹಿ ಉಳಿಯುತ್ತದೆ.

ಊಟದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಊರಿನ ಹೆಸರಾಂತ ಡಾಂಗ್‌ಪೊ ಖಾದ್ಯ ಹಂದಿ ಮಾಂಸದ್ದು. ಮೀನು, ಸೀಗಡಿ ಎಂದು ನಂಬಿ ಕುಳಿತುಕೊಳ್ಳುವಂತೆಯೂ ಇಲ್ಲ. ಅವುಗಳಿಗೂ ಅಕ್ಕಿಯ ಮದ್ಯ ಬೆರೆಸುವುದುಂಟು. ಮೊದಲ ದಿನ ಎರಡು ಹೋಟೆಲುಗಳಿಂದ ಹಸಿದೇ ಎದ್ದು ಬಂದೆವು. ಮೂರನೆಯ ಬೀದಿಯಲ್ಲಿ ಪತಿ ಒಂದು ಫಲಕ ತೋರಿಸಿದರು. ಅದರಲ್ಲಿ 'ಚಿಂಗ್‌ಝೆನ್' ಎಂಬ ಎರಡು ಚೀನೀ ಅಕ್ಷರಗಳಿದ್ದವು. ಶುದ್ಧ ಮತ್ತು ಸತ್ಯ ಎಂದು ಅರ್ಥ. ಹಲಾಲ್ ಆಹಾರಕ್ಕೆ ಅಲ್ಲಿ ಹೇಳುವುದು ಹೀಗೆ. ನೀವು ಹೋಗುವುದಾದರೆ ಆ ಅಕ್ಷರಗಳ ಚಿತ್ರ ಮೊಬೈಲಿನಲ್ಲಿರಲಿ. ಒಳಗೆ ತಲೆವಸ್ತ್ರ ಧರಿಸಿದ್ದ ಮಹಿಳೆ ನನ್ನನ್ನು ನೋಡಿದ್ದೇ ಸಲಾಮ್ ಹೇಳಿದರು. ನಮ್ಮಿಬ್ಬರಿಗೂ ಗೊತ್ತಿದ್ದ ಮಾತು ಅದೊಂದೇ. ಅವರ ಗಂಡ ಹಿಟ್ಟನ್ನು ಎಳೆದೆಳೆದು ನೂಲಿನಂತೆ ಮಾಡಿ ಬೀಫ್ ಸಾರಿಗೆ ಹಾಕಿ ಕೊಟ್ಟರು. ಬಟ್ಟಲು ಖಾಲಿಯಾಗುವ ಮುನ್ನ ಆಕೆ ಕೇಳದೆಯೇ ಇನ್ನಷ್ಟು ಸಾರು ಸುರಿದರು.

ಕೊನೆಯ ದಿನ ಝೊಂಗ್‌ಶಾನ್ ರಸ್ತೆಯ ಫೀನಿಕ್ಸ್ ಮಸೀದಿಗೆ ಹೋದೆವು. ಯುವಾನ್ ರಾಜವಂಶದ ಕಾಲದಲ್ಲಿ ಪುನರ್ನಿರ್ಮಾಣಗೊಂಡದ್ದು. ಹೊರಗೆ ಚೀನೀ ಶೈಲಿಯ ಬಾಗಿದ ಮಾಡು, ಒಳಗೆ ಇಟ್ಟಿಗೆಯ ಮೂರು ಗುಮ್ಮಟ. ಅಲ್ಲಿ ಹಳೆಯ ಗೋರಿಕಲ್ಲುಗಳನ್ನು ಇಟ್ಟಿದ್ದಾರೆ. ಪರ್ಷಿಯಾ ಮುಂತಾದ ದೂರದ ನಾಡುಗಳಿಂದ ಬಂದು ಈ ಮಣ್ಣಲ್ಲೇ ಕಣ್ಮುಚ್ಚಿದವರವು.

ಸಹೋದರಿಯರೇ, ನಾಲ್ಕು ದಿನಗಳಿಂದ ಬಸ್ಸಿನ ಹೆಸರು, ಅಂಗಡಿಯ ಫಲಕ ಯಾವುದನ್ನೂ ಓದಲಾಗದೆ ಪತಿಯ ಹಿಂದೆ ಮಗುವಿನಂತೆ ನಡೆದಿದ್ದೆ. ಆ ಕಲ್ಲುಗಳ ಮುಂದೆ ನಿಂತಾಗ ತುಟಿಗಳು ತಾವಾಗಿಯೇ ಅಲುಗಿದವು. ಸವೆದ ಅರಬಿ ಅಕ್ಷರಗಳನ್ನು ಕೂಡಿಸಿ ಓದುತ್ತಾ ಹೋದೆ. ಪತಿ ಪಕ್ಕದಲ್ಲಿ ಸುಮ್ಮನೆ ಕೇಳುತ್ತಾ ನಿಂತಿದ್ದರು. "ಹುಡುಗಿಗೆ ಇಷ್ಟು ಓದು ಯಾಕೆ" ಎಂದು ನೆಂಟರು ಕೇಳಿದಾಗಲೂ ನನ್ನನ್ನು ಮದ್ರಸದಿಂದ ಬಿಡಿಸದ ಉಮ್ಮ ಆಗ ನೆನಪಾದರು.

ಮರಳಿ ಬಂದ ಮೇಲೆ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಅಲ್ಲಿ ನಿಮಗೆ ಏನಾದರೂ ಓದಲು ಬಂತಾ?"

"ಒಂದು ಕಡೆ ಬಂತು" ಎಂದೆ. ಮತ್ತೆ ಹೊನ್ನಾವರದ ಆ 13 ಪಾಠಶಾಲೆಗಳ ವಿಷಯ ಹೇಳತೊಡಗಿದೆ. ನಿಮ್ಮ ಮನೆಯಲ್ಲೂ ಓದು ಅರ್ಧಕ್ಕೆ ನಿಲ್ಲಿಸಲಿರುವ ಮಗಳಿದ್ದರೆ, ದಯವಿಟ್ಟು ಇನ್ನೊಮ್ಮೆ ಯೋಚಿಸಿ. ನಾಳೆ ಅವಳು ಯಾವ ಊರಿನಲ್ಲಿ, ಯಾವ ಕಲ್ಲಿನ ಮುಂದೆ ನಿಲ್ಲುವಳೋ ಅಲ್ಲಾಹನೇ ಬಲ್ಲ.